ಗಿಡವೂ ಇರಲಿ, ಬೆಕ್ಕು-ನಾಯಿಯೂ ಇರಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯೊಳಗೆ ಮತ್ತು ಬಾಲ್ಕನಿಯಲ್ಲಿ ಬೆಳೆಸುವ ಗಿಡಗಳಿಂದ ಬೆಕ್ಕು-ನಾಯಿಗಳಿಗೆ ಅಪಾಯವಿದೆಯೇ ಎಂದು ಕೇಳಿ ಅನೇಕರು ಬರೆದಿದ್ದಾರೆ. ಆಯ್ದ ಪತ್ರಗಳಿಗೆ ನಮ್ಮ ತೋಟಗಾರಿಕೆ ಮತ್ತು ಪಶುವೈದ್ಯ ಬಳಗದ ಉತ್ತರಗಳು ಇಲ್ಲಿವೆ.

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಲಕ್ಕಿ ಬ್ಯಾಂಬೂ, ಪೀಸ್ ಲಿಲಿ, ಅರೆಕಾ ಪಾಮ್ ಇವೆ. ಈಗ ಎರಡು ಬೆಕ್ಕಿನ ಮರಿ ತಂದಿದ್ದೇವೆ. ಗಿಡಗಳನ್ನೆಲ್ಲ ತೆಗೆದುಬಿಡಬೇಕೇ? (ಜಯನಗರ, ಬೆಂಗಳೂರು)

ಎಲ್ಲವನ್ನೂ ತೆಗೆಯಬೇಕಿಲ್ಲ. ವಿಷದ ಗಿಡಗಳಲ್ಲಿ ಕೆಲವು ಬಾಯಿ ಸುಡುತ್ತವೆ, ಕೆಲವು ಹೊಟ್ಟೆ ಕೆಡಿಸುತ್ತವೆ, ಇನ್ನು ಕೆಲವು ಮೂತ್ರಪಿಂಡ, ಯಕೃತ್ತು ಅಥವಾ ಹೃದಯಕ್ಕೆ ಹೊಡೆದು ಜೀವ ತೆಗೆಯುತ್ತವೆ. ಮೊದಲ ಎರಡು ಬಗೆಯವನ್ನು ಜಾಗ ಬದಲಿಸಿ ನಿಭಾಯಿಸಬಹುದು. ಮೂರನೆಯ ಬಗೆಯವು ಮನೆಯಲ್ಲಿ ಇರಲೇಕೂಡದು. ನಿಮ್ಮ ಐದರಲ್ಲಿ ಮೂರನೆಯ ಬಗೆಯದು ಒಂದೂ ಇಲ್ಲ.

ಮನಿ ಪ್ಲಾಂಟ್ ಮತ್ತು ಪೀಸ್ ಲಿಲಿ ಎರಡೂ ಕೆಸುವಿನ ಕುಟುಂಬದವು. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಆ ತುರಿಕೆಗೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳೇ ಈ ಎಲೆಗಳಲ್ಲೂ ಇವೆ. ಬೆಕ್ಕು ಕಚ್ಚಿದ ಕ್ಷಣವೇ ಹರಳುಗಳು ನಾಲಿಗೆ, ಒಸಡುಗಳಿಗೆ ಚುಚ್ಚಿಕೊಳ್ಳುತ್ತವೆ. ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿ ಉಜ್ಜುವುದು, ಊಟ ಬಿಡುವುದು, ಒಮ್ಮೊಮ್ಮೆ ವಾಂತಿ ಕಾಣುತ್ತವೆ. ಉರಿ ತಕ್ಷಣವೇ ಶುರುವಾಗುವುದರಿಂದ ಪ್ರಾಣಿ ಹೆಚ್ಚು ತಿನ್ನುವುದಿಲ್ಲ, ಹಾಗಾಗಿ ಜೀವಕ್ಕೆ ಅಪಾಯವಾಗುವುದು ಅಪರೂಪ. ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಒಂದು ನಿಮಿಷವೂ ತಡಮಾಡಬಾರದು. ಡಿಫೆನ್‌ಬಾಕಿಯಾ, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಸಿಂಗೋನಿಯಂ, ಅಗ್ಲೋನೀಮಾ, ಆಂಥೂರಿಯಂ, ಝೀಝೀ ಗಿಡ, ಎಲ್ಲವೂ ಇದೇ ಕುಟುಂಬ, ಇದೇ ತೊಂದರೆ.

ಲಕ್ಕಿ ಬ್ಯಾಂಬೂ ಹೆಸರಿಗೆ ಬಿದಿರು, ನಿಜಕ್ಕೆ ಡ್ರಸೀನಾ. ಸ್ನೇಕ್ ಪ್ಲಾಂಟನ್ನೂ ಈಗ ಸಸ್ಯಶಾಸ್ತ್ರಜ್ಞರು ಡ್ರಸೀನಾ ಗುಂಪಿಗೇ ಸೇರಿಸಿದ್ದಾರೆ. ಎರಡರಲ್ಲೂ ಸಪೋನಿನ್ ಎಂಬ ನೊರೆಯ ಅಂಶವಿದೆ. ತಿಂದರೆ ವಾಂತಿ, ಭೇದಿ, ಸುಸ್ತು. ಡ್ರಸೀನಾ ತಿಂದ ಬೆಕ್ಕಿನ ಕಣ್ಣುಪಾಪೆ ದೊಡ್ಡದಾಗುವುದೂ ಉಂಟು. ಲಕ್ಕಿ ಬ್ಯಾಂಬೂವಿನ ಎಲೆ ಹುಲ್ಲಿನಂತೆ ತೆಳುವಾಗಿ ಅಲುಗುವುದರಿಂದ ಬೆಕ್ಕು ಅದನ್ನು ಬಿಡುವುದೇ ಇಲ್ಲ, ಇದನ್ನು ಯಾರಿಗಾದರೂ ಕೊಟ್ಟುಬಿಡಿ. ಸ್ನೇಕ್ ಪ್ಲಾಂಟಿನ ದಪ್ಪ ಎಲೆಯ ತಂಟೆಗೆ ದೊಡ್ಡ ಬೆಕ್ಕುಗಳು ಹೆಚ್ಚು ಹೋಗುವುದಿಲ್ಲ. ಆದರೆ ಮರಿಗಳು ಕಂಡದ್ದನ್ನೆಲ್ಲ ಕಚ್ಚಿ ನೋಡುತ್ತವೆ, ಅವು ದೊಡ್ಡವಾಗುವವರೆಗೆ ಅದನ್ನು ಬಾಗಿಲು ಹಾಕುವ ಕೋಣೆಯಲ್ಲಿಡಿ. ಮನಿ ಪ್ಲಾಂಟನ್ನು ಕಪಾಟಿನ ಮೇಲೆ ಏರಿಸಿದರೆ ಸಾಕು ಎಂದುಕೊಳ್ಳಬೇಡಿ. ಬೆಕ್ಕು ಕಪಾಟು ಹತ್ತುತ್ತದೆ, ಬಳ್ಳಿಯಂತೂ ತಾನೇ ಕೆಳಗಿಳಿದು ಬರುತ್ತದೆ. ಅದನ್ನೂ ಪೀಸ್ ಲಿಲಿಯನ್ನೂ ಬೆಕ್ಕು ಕಾಲಿಡದ ಜಾಗಕ್ಕೆ ಸಾಗಿಸಿ. ಅಂಥ ಜಾಗ ಇಲ್ಲದಿದ್ದರೆ ದಾನ ಮಾಡಿ. ಅರೆಕಾ ಪಾಮ್ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ.

ಪ್ರಶ್ನೆ: ಮದುವೆ, ಗೃಹಪ್ರವೇಶಗಳಲ್ಲಿ ಬರುವ ಬೊಕೆಗಳಲ್ಲಿ ಲಿಲಿ ಹೂ ಇರುತ್ತದೆ. ನಮ್ಮ ಬೆಕ್ಕು ಹೂದಾನಿಯ ನೀರು ಕುಡಿಯುತ್ತದೆ. ತೊಂದರೆಯಾದೀತೇ? (ಮೈಸೂರು)

ಆಗುತ್ತದೆ, ಅದೂ ಈ ಸಂಚಿಕೆಯಲ್ಲಿ ಹೇಳಿದ ಎಲ್ಲಕ್ಕಿಂತ ದೊಡ್ಡದು. ಬೆಕ್ಕು ಇರುವ ಮನೆಯೊಳಗೆ ನಿಜವಾದ ಲಿಲಿ ಬರಲೇಬಾರದು. ಲಿಲಿಯಂ ಜಾತಿಯ ಏಷ್ಯಾಟಿಕ್, ಓರಿಯಂಟಲ್, ಈಸ್ಟರ್, ಟೈಗರ್ ಲಿಲಿಗಳು ಹಾಗೂ ಹೆಮೆರೊಕಾಲಿಸ್ ಜಾತಿಯ ಡೇ ಲಿಲಿ, ಇಷ್ಟೂ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ಹೂ, ಎಲೆ, ಕಾಂಡ, ಗೆಡ್ಡೆ, ಪರಾಗ, ಹೂದಾನಿಯ ನೀರು, ಯಾವುದೂ ಇದಕ್ಕೆ ಹೊರತಲ್ಲ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು.

ಇದು ನಡೆಯುವ ಬಗೆಯೇ ಮೋಸದ್ದು. ತಿಂದ ಮೊದಲ ಹನ್ನೆರಡು ಗಂಟೆಯೊಳಗೆ ವಾಂತಿ, ಜೊಲ್ಲು, ಮಂಕು. ಆಮೇಲೆ ವಾಂತಿ ನಿಂತು ಬೆಕ್ಕು ಸುಧಾರಿಸಿದಂತೆ ಕಾಣುತ್ತದೆ. ಮನೆಯವರು ಸಮಾಧಾನಪಡುವ ಆ ಹೊತ್ತಿನಲ್ಲೇ ಒಳಗೆ ಮೂತ್ರಪಿಂಡ ಸಾಯುತ್ತಿರುತ್ತದೆ. ಮೊದಲು ನೀರಡಿಕೆ ಮತ್ತು ಮೂತ್ರ ಹೆಚ್ಚುತ್ತವೆ. ಒಂದರಿಂದ ಮೂರು ದಿನದೊಳಗೆ ಮೂತ್ರ ನಿಂತುಹೋಗುತ್ತದೆ, ಅಲ್ಲಿಂದ ಹಿಂದಕ್ಕೆ ತರುವುದು ಬಹಳ ಕಷ್ಟ. ತಿಂದ 18 ಗಂಟೆಯೊಳಗೆ ನರಕ್ಕೆ ಡ್ರಿಪ್ ಹಾಕಲು ಶುರುಮಾಡಿ ಎರಡು-ಮೂರು ದಿನ ಬಿಡದೆ ಮುಂದುವರಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಎಸಳು ಕಚ್ಚಿದ ಗುರುತು ಕಂಡರೆ, ಮೂತಿಯ ಮೇಲೆ ಕಿತ್ತಳೆ ಬಣ್ಣದ ಪರಾಗ ಕಂಡರೆ, ಒದ್ದೆ ಬಟ್ಟೆಯಿಂದ ಒರೆಸಿ, ನೆಕ್ಕಲು ಬಿಡದೆ ನೇರ ಪಶುವೈದ್ಯರಲ್ಲಿಗೆ ಒಯ್ಯಿರಿ. ಪರಾಗಕೋಶ ಕತ್ತರಿಸಿ ತೆಗೆದರೆ ಸಾಕು ಎನ್ನುವ ಹೂವಿನಂಗಡಿಯ ಸಲಹೆ ಬೆಕ್ಕಿನ ಮನೆಗೆ ಸಲ್ಲದು, ಎಲೆಯೂ ಅಷ್ಟೇ ವಿಷ. ನಾಯಿಗಳಿಗೆ ಈ ಲಿಲಿಗಳಿಂದ ಹೊಟ್ಟೆ ಕೆಡಬಹುದು, ಮೂತ್ರಪಿಂಡಕ್ಕೆ ಹೊಡೆತ ಬೀಳುವುದಿಲ್ಲ.

ಪೀಸ್ ಲಿಲಿ ಮತ್ತು ಕ್ಯಾಲಾ ಲಿಲಿ ಲಿಲಿಗಳೇ ಅಲ್ಲ, ಅವು ಬಾಯಿ ಸುಡುವ ಕೆಸುವಿನ ಬಳಗ. ಬೊಕೆ ಕೊಡುವ ನೆಂಟರಿಗೆ ಗುಲಾಬಿ, ಜರ್ಬೆರಾ ಅಥವಾ ಆರ್ಕಿಡ್ ತರಲು ಮೊದಲೇ ಹೇಳಿ, ಇವು ಮೂರೂ ನಿರಪಾಯ.

ಪ್ರಶ್ನೆ: ಅರೆಕಾ ಪಾಮ್ ಎಂದರೆ ಅಡಿಕೆಯ ಜಾತಿಯೇ ಅಲ್ಲವೇ? ನಾಯಿಗೆ ಅಡಿಕೆ ಆಗದು ಎಂದು ಕೇಳಿದ್ದೇನೆ. ಇನ್ನೊಂದು, ನರ್ಸರಿಯಲ್ಲಿ ಸಾಗೋ ಪಾಮ್ ಕೂಡ ಒಳ್ಳೆಯದು ಎಂದರು. (ತೀರ್ಥಹಳ್ಳಿ)

ಕುಂಡದಲ್ಲಿ ಮಾರುವ ಅರೆಕಾ ಪಾಮ್ ಮಡಗಾಸ್ಕರ್ ಮೂಲದ ಡಿಪ್ಸಿಸ್ ಲುಟೆಸೆನ್ಸ್. ನಿಮ್ಮ ತೋಟದ ಅಡಿಕೆ ಅರೆಕಾ ಕಟೆಚು. ಎರಡೂ ತಾಳೆ ಕುಟುಂಬದವು ಎಂಬುದು ಬಿಟ್ಟರೆ ನಂಟಿಲ್ಲ, ಮೊದಲನೆಯದು ಬೆಕ್ಕು-ನಾಯಿ ಎರಡಕ್ಕೂ ಸುರಕ್ಷಿತ. ಅಡಿಕೆಯ ವಿಷಯ ನೀವು ಕೇಳಿದ್ದು ಸರಿ. ಅದರಲ್ಲಿರುವ ಅರೆಕೋಲಿನ್ ನಾಯಿಗೆ ಜೊಲ್ಲು, ವಾಂತಿ, ಜೋರು ಭೇದಿ ತರಿಸುತ್ತದೆ. ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಹತ್ತಿರ ನಾಯಿಮರಿಯನ್ನು ಬಿಡಬೇಡಿ.

ಸಾಗೋ ಪಾಮ್ ಬೇಡವೇ ಬೇಡ. ಅದು ತಾಳೆಯಲ್ಲ, ಸೈಕಸ್ ರೆವಲ್ಯೂಟ. ಗಿಡದ ಎಲ್ಲ ಭಾಗದಲ್ಲೂ ಸೈಕಾಸಿನ್ ಎಂಬ ವಿಷವಿದೆ, ಬೀಜದಲ್ಲಿ ಅತಿ ಹೆಚ್ಚು. ಒಂದೆರಡು ಬೀಜ ಜಗಿದರೂ ನಾಯಿ ಸಾಯಬಹುದು. ಮೊದಲು ವಾಂತಿ, ಎರಡು-ಮೂರು ದಿನದಲ್ಲಿ ಯಕೃತ್ತು ಕೈಕೊಟ್ಟು ಕಣ್ಣು, ಒಸಡು ಹಳದಿಯಾಗುತ್ತವೆ. ಹೋಟೆಲು, ಅಪಾರ್ಟ್‌ಮೆಂಟುಗಳ ಮುಂಭಾಗದಲ್ಲಿ ಇದನ್ನು ಧಾರಾಳವಾಗಿ ನೆಡುತ್ತಾರೆ, ಆದ್ದರಿಂದ ವಾಕಿಂಗ್‌ಗೆ ಒಯ್ದಾಗಲೂ ಕಣ್ಣಿಡಿ. ಮೋಟು ಕಾಂಡದ ತುದಿಯಲ್ಲಿ ಗಟ್ಟಿಯಾದ, ಚೂಪು ತುದಿಯ ಗರಿಗಳು ವೃತ್ತಾಕಾರವಾಗಿ ಹರಡಿರುತ್ತವೆ, ಹೆಣ್ಣು ಗಿಡದ ನಡುವೆ ಕಿತ್ತಳೆ-ಕೆಂಪು ಬೀಜಗಳು ಕಾಣುತ್ತವೆ. ಅರೆಕಾ ಪಾಮಿನ ಗರಿ ಮೆದು, ಒಂದೇ ಬುಡದಿಂದ ಹಲವು ಹಳದಿ ಛಾಯೆಯ ಕಾಂಡಗಳು ಏಳುತ್ತವೆ. ನರ್ಸರಿಯಲ್ಲಿ ಪಾಮ್, ಲಿಲಿ, ಫರ್ನ್ ಎಂಬ ಹೆಸರುಗಳನ್ನು ನಂಬಿ ಕೊಳ್ಳಬಾರದು. ಸಸ್ಯಶಾಸ್ತ್ರೀಯ ಹೆಸರು ಕೇಳಿ. ಗೊತ್ತಿಲ್ಲ ಎಂದರೆ ಫೋಟೊ ತೆಗೆದುಕೊಂಡು ಬನ್ನಿ, ಹೆಸರು ಖಚಿತವಾದ ಮೇಲೆ ಕೊಳ್ಳಿ. ಅಮೆರಿಕದ ಎಎಸ್‌ಪಿಸಿಎ ಸಂಸ್ಥೆ ಬೆಕ್ಕು-ನಾಯಿಗಳಿಗೆ ವಿಷವಾಗುವ ಮತ್ತು ಆಗದ ಗಿಡಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ, ಆ ಹೆಸರಿನಿಂದ ಅಲ್ಲಿ ಹುಡುಕಬಹುದು.

ಪ್ರಶ್ನೆ: ಬೆಳಕು ಕಡಿಮೆಯಿರುವ ಹಾಲ್‌ಗೆ ಮತ್ತು ಬೆಳಗಿನ ಬಿಸಿಲು ಬರುವ ಕಿಟಕಿಗೆ ಯಾವ ಸುರಕ್ಷಿತ ಗಿಡ ತರಲಿ? ಮನೆಯಲ್ಲಿ ಒಂದು ಬೆಕ್ಕು, ಒಂದು ನಾಯಿ. (ಹುಬ್ಬಳ್ಳಿ)

ಹಾಲ್‌ಗೆ ಕ್ಯಾಸ್ಟ್ ಐರನ್ ಪ್ಲಾಂಟ್, ಅಂದರೆ ಆಸ್ಪಿಡಿಸ್ಟ್ರಾ, ಮತ್ತು ಪಾರ್ಲರ್ ಪಾಮ್. ಮಂದ ಬೆಳಕಿಗೆಂದು ಎಲ್ಲರೂ ಝೀಝೀ ಗಿಡ ಕೊಡುತ್ತಾರೆ, ಅದರ ಜಾಗದಲ್ಲಿ ಇವು ಸಲೀಸಾಗಿ ನಿಲ್ಲುತ್ತವೆ. ಕ್ಯಾಲೇಥಿಯಾ, ಮರಾಂಟಾ ಕೂಡ ಸುರಕ್ಷಿತ, ನೋಡಲು ಬಹಳ ಚಂದ. ಆದರೆ ಹುಬ್ಬಳ್ಳಿಯ ಮಾರ್ಚ್‌ನಿಂದ ಮೇವರೆಗಿನ ಒಣಗಾಳಿಗೆ ಎಲೆಯಂಚು ಕಂದಿ ಸುರುಳಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರು ಹಾಕಿದರೆ ಇನ್ನೂ ಬೇಗ. ಮಳೆನೀರು ಅಥವಾ ಫಿಲ್ಟರ್ ನೀರು ಹಾಕಿ, ಕುಂಡವನ್ನು ನೀರು ತುಂಬಿದ ಬೆಣಚುಕಲ್ಲಿನ ತಟ್ಟೆಯ ಮೇಲಿಡುವ ತಾಳ್ಮೆಯಿದ್ದರೆ ಮಾತ್ರ ತನ್ನಿ.

ಕಿಟಕಿಗೆ ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಪೆಪರೋಮಿಯಾ, ಹೋಯಾ, ಹಾವರ್ಥಿಯಾ, ಎಚೆವೇರಿಯಾ, ಆಫ್ರಿಕನ್ ವಯೊಲೆಟ್, ಫೆಲನಾಪ್ಸಿಸ್ ಆರ್ಕಿಡ್. ಇವುಗಳ ನಡುವೆ ಎರಡು ಕಡೆ ಜನ ಎಡವುತ್ತಾರೆ. ಹಾವರ್ಥಿಯಾ ಕೇಳಿದರೆ ಅದರಂತೆಯೇ ಕಾಣುವ ಚಿಕ್ಕ ಆಲೋ ಕೊಟ್ಟುಬಿಡುತ್ತಾರೆ, ಆಲೋ ಹೊಟ್ಟೆ ಕೆಡಿಸುತ್ತದೆ. ಬೋಸ್ಟನ್ ಫರ್ನಿನ ಪಕ್ಕದಲ್ಲೇ ಆಸ್ಪರಾಗಸ್ ಫರ್ನ್ ಇರುತ್ತದೆ. ಅದು ಫರ್ನ್ ಅಲ್ಲ, ಶತಾವರಿಯ ಬಂಧು. ಅದರ ಕೆಂಪು ಹಣ್ಣು ತಿಂದರೆ ವಾಂತಿ-ಭೇದಿ, ಗಿಡಕ್ಕೆ ಮೈ ಉಜ್ಜಿದರೆ ಚರ್ಮದ ತುರಿಕೆ. ಜೇಡ್ ಗಿಡವನ್ನೂ ಸಕ್ಯುಲೆಂಟ್ ಗುಂಪಿನಲ್ಲಿ ಕೊಡುತ್ತಾರೆ, ಅದನ್ನೂ ಬಿಡಿ.

ಸ್ಪೈಡರ್ ಪ್ಲಾಂಟನ್ನು ಬೆಕ್ಕುಗಳು ಇಷ್ಟಪಟ್ಟು ಮೇಯುತ್ತವೆ. ವಿಷವಿಲ್ಲ, ಹೆಚ್ಚು ತಿಂದರೆ ಕಕ್ಕುತ್ತದೆ ಅಷ್ಟೇ. ತಾಯಿಗಿಡವನ್ನು ತೂಗುಹಾಕಿ, ಅದರ ಮರಿಗಳನ್ನು ಬೇರೆ ಕುಂಡದಲ್ಲಿ ಬೇರೂರಿಸಿ ನೆಲದ ಮೇಲೆ ಬಿಡಿ, ಮೇಯುವುದು ಅಲ್ಲಿಗೆ ಸರಿಯುತ್ತದೆ.

ಸುರಕ್ಷಿತ ಗಿಡ ತಂದರೂ ಅದಕ್ಕೆ ಹೊಡೆದ ಕೀಟನಾಶಕ ಸುರಕ್ಷಿತವಲ್ಲ. ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಕೀಟನಾಶಕ ಎಲೆಯೊಳಗೆ ವಾರಗಟ್ಟಲೆ ಉಳಿಯುತ್ತದೆ, ತೊಳೆದರೆ ಹೋಗುವುದಿಲ್ಲ. ಹೊಸ ಗಿಡದ ಎಲೆ ತೊಳೆದು, ಮೇಲಿನ ಒಂದೆರಡು ಇಂಚು ಮಣ್ಣು ತೆಗೆದು ಹೊಸದು ಹಾಕಿ, ಕನಿಷ್ಠ ಮೂರು-ನಾಲ್ಕು ವಾರ ಪ್ರಾಣಿಗಳಿಂದ ದೂರ ಇರಿಸಿ.

ಪ್ರಶ್ನೆ: ತುಳಸಿ, ದೊಡ್ಡಪತ್ರೆ, ಲೋಳೆಸರ, ಕಾಡುಬಸಳೆ ಮನೆಮದ್ದಿಗೆ ಬೆಳೆಸಿದ್ದೇವೆ, ಪೂಜೆಗೆ ಹೂಗಿಡಗಳೂ ಇವೆ. ಮನುಷ್ಯರಿಗೆ ಔಷಧಿಯಾದದ್ದು ನಾಯಿಗೆ ಏಕೆ ಆಗದು? (ಮಂಗಳೂರು)

ಔಷಧಿಯೂ ಪ್ರಮಾಣದ ಮಾತೇ. ಎರಡು ಎಲೆಯ ತಂಬುಳಿ ಉಣ್ಣುವ ಮನುಷ್ಯನ ತೂಕ 60 ಕಿಲೋ, ಗಿಡವನ್ನೇ ಬೋಳಿಸುವ ಬೆಕ್ಕಿನ ತೂಕ ನಾಲ್ಕು ಕಿಲೋ. ಜೊತೆಗೆ ಬೆಕ್ಕಿನ ಯಕೃತ್ತಿಗೆ ಗಿಡಗಳ ಸುಗಂಧ ತೈಲಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ತುಳಸಿ, ಕೊತ್ತಂಬರಿ, ಗರಿಕೆಗಳ ಬಗ್ಗೆ ಚಿಂತೆ ಬೇಡ. ದೊಡ್ಡಪತ್ರೆ ವಾಂತಿ-ಭೇದಿ ತರಿಸುತ್ತದೆ, ಕೆಲವೊಮ್ಮೆ ರಕ್ತ ಸಹಿತ. ಮಜ್ಜಿಗೆಹುಲ್ಲು ಬೆಕ್ಕಿಗೆ ಪ್ರಿಯ, ಆದರೆ ಹೊಟ್ಟೆ ಕೆಡಿಸುತ್ತದೆ. ಲೋಳೆಸರದಲ್ಲಿ ತೊಂದರೆ ಇರುವುದು ಸಿಪ್ಪೆಯ ಕೆಳಗಿನ ಹಳದಿ ರಸದಲ್ಲಿ, ಪ್ರಾಣಿ ಸಿಪ್ಪೆ ಸುಲಿದು ತಿನ್ನುವುದಿಲ್ಲವಲ್ಲ. ಕುಂಡದಲ್ಲಿ ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಬೆಳೆಸಿದ್ದರೆ ಅದಕ್ಕೂ ಬೇಲಿ ಹಾಕಿ, ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗಂತೂ ಅಲ್ಪ ಪ್ರಮಾಣವೂ ಸಾಕು.

ಕಾಡುಬಸಳೆ ಬೇರೆಯೇ ಮಾತು. ಅದು ಕಲಂಚೋ ಜಾತಿಯದು. ಅದರಲ್ಲಿ, ಹಾಗೆಯೇ ನರ್ಸರಿಯಲ್ಲಿ ಕೆಂಪು-ಹಳದಿ ಗೊಂಚಲು ಹೂವಿಗಾಗಿ ಮಾರುವ ಕಲಂಚೋದಲ್ಲೂ, ಹೃದಯದ ಬಡಿತ ಏರುಪೇರು ಮಾಡುವ ಅಂಶವಿದೆ. ಕಣಗಿಲೆಯಲ್ಲಿ ಅದೇ ಪರಿಣಾಮ ಇನ್ನೂ ತೀವ್ರ, ಒಣಗಿದ ಎಲೆಯಲ್ಲೂ ವಿಷ ಉಳಿಯುತ್ತದೆ. ಗಂಟೆ ಆಕಾರದ ಹಳದಿ ಹೂ ಬಿಡುವ ಕಣಗಿಲೆಯೂ ಹಾಗೆಯೇ. ನಿತ್ಯಪುಷ್ಪ, ಉಮ್ಮತ್ತಿ, ಗೌರಿಹಬ್ಬದ ಅಗ್ನಿಶಿಖೆಯ ಗೆಡ್ಡೆ, ಇವು ಪ್ರಾಣಿಗಳು ಓಡಾಡುವ ಜಾಗದಲ್ಲಿ ಬೇಡ. ಸೇವಂತಿಗೆ ವಾಂತಿ, ಚರ್ಮದ ಉರಿ ತರಬಲ್ಲದು, ಹಬ್ಬ ಮುಗಿದ ಮೇಲೆ ಮಾಲೆಗಳನ್ನು ನೆಲದಲ್ಲಿ ಬಿಡಬೇಡಿ. ಮಲ್ಲಿಗೆ, ಗುಲಾಬಿ ಧಾರಾಳವಾಗಿ ಬೆಳೆಸಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಗಿಡದ ತಂಟೆಗೆ ಹೋಗುವುದಿಲ್ಲ, ಕುಂಡದ ಮಣ್ಣು ಬಗೆದು ಗೊಬ್ಬರ ತಿನ್ನುತ್ತದೆ. ಸಾವಯವ ಗೊಬ್ಬರ ತಾನೇ, ಪರವಾಗಿಲ್ಲವೇ? (ತುಮಕೂರು)

ಯಾವ ಗೊಬ್ಬರ ಎಂಬುದನ್ನು ಇವತ್ತೇ ನೋಡಿ. ಹರಳು ಹಿಂಡಿ ಇದ್ದರೆ ತಕ್ಷಣ ತೆಗೆಯಿರಿ. ಹರಳೆಣ್ಣೆ ಹಿಂಡಿದ ಮೇಲೆ ಎಣ್ಣೆಯಲ್ಲಿ ಬಾರದ ರಿಸಿನ್ ಎಂಬ ವಿಷ ಹಿಂಡಿಯಲ್ಲೇ ಉಳಿಯುತ್ತದೆ. ಸರಿಯಾಗಿ ಕಾಯಿಸಿ ಸಂಸ್ಕರಿಸದಿದ್ದರೆ ಅದು ಹಾಗೇ ಇರುತ್ತದೆ, ಚೀಲ ನೋಡಿ ಸಂಸ್ಕರಿಸಿದ್ದೋ ಇಲ್ಲವೋ ಹೇಳಲಾಗದು. ತಿಂದ ಕೆಲವು ಗಂಟೆಗಳಿಂದ ಮೂರು ದಿನದೊಳಗೆ ವಾಂತಿ, ರಕ್ತಭೇದಿ, ನಿತ್ರಾಣ. ಇದಕ್ಕೆ ಪ್ರತಿವಿಷ ಇಲ್ಲ. ಮೂಳೆಪುಡಿ, ಮೀನುಗೊಬ್ಬರ ಬೆರೆತಿದ್ದರೆ ಅಪಾಯ ಹೆಚ್ಚು, ಆ ವಾಸನೆಗೆ ನಾಯಿ ಮುಗಿಬಿದ್ದು ತಿನ್ನುತ್ತದೆ. ಬರೀ ಮೂಳೆಪುಡಿಯೂ ಹೆಚ್ಚಾದರೆ ಹೊಟ್ಟೆಯಲ್ಲಿ ಗಟ್ಟಿ ಉಂಡೆಯಾಗಿ ಅಡ್ಡ ಕೂರುತ್ತದೆ. ಮಿಶ್ರ ಹಿಂಡಿಯ ಚೀಲ ಕೊಳ್ಳುವಾಗ ಅದರಲ್ಲಿ ಏನೇನಿದೆ ಎಂದು ಓದಿಯೇ ಕೊಳ್ಳಿ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಇನ್ನೂ ಕೆಟ್ಟದ್ದು, ಒಂದೆರಡು ಗಂಟೆಯಲ್ಲೇ ನಡುಕ, ಫಿಟ್ಸ್ ಬರುತ್ತದೆ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಹುಳುಗಳನ್ನು ಕೈಯಲ್ಲೇ ಆರಿಸಿ.

ಕುಂಡದ ಗಿಡಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಹತ್ತು ಇಂಚಿನ ಕುಂಡಕ್ಕೆ ಎರಡು ತಿಂಗಳಿಗೊಮ್ಮೆ ಎರಡು ಹಿಡಿ, ಮೇಲೆ ಉದುರಿಸದೆ ಮಣ್ಣಿನೊಳಗೆ ಬೆರೆಸಿ. ಬಗೆಯದಂತೆ ತಡೆಯಲು ಕೋಳಿಬಲೆಯನ್ನು ಕುಂಡದ ಬಾಯಿಯ ಅಳತೆಗೆ ಕತ್ತರಿಸಿ, ಕಾಂಡಕ್ಕೆ ನಡುವೆ ಜಾಗ ಬಿಟ್ಟು, ಚೂಪು ತುದಿಗಳನ್ನು ಕೆಳಕ್ಕೆ ಮಡಚಿ, ಮೇಲೆ ಒಂದು ಇಂಚು ಮಣ್ಣು ಮುಚ್ಚಿ. ಬರೀ ಕಲ್ಲು ಹಾಕುವುದಾದರೆ ನಾಯಿಯ ಬಾಯಿಗೆ ಹಿಡಿಯದಷ್ಟು ದೊಡ್ಡದಿರಲಿ. ಅಲಂಕಾರದ ಸಣ್ಣ ಬೆಣಚುಕಲ್ಲನ್ನು ಲ್ಯಾಬ್ರಡಾರ್ ನುಂಗಿಬಿಡುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾದೀತು.

ಪ್ರಶ್ನೆ: ಗಿಡಕ್ಕೆ ಮೆಣಸಿನಪುಡಿ ಅಥವಾ ಕಿತ್ತಳೆ ಎಣ್ಣೆ ಚಿಮುಕಿಸಿದರೆ ಬೆಕ್ಕು ಹತ್ತಿರ ಬರುವುದಿಲ್ಲವಂತೆ, ಹೌದೇ? (ಕಾರವಾರ)

ಎರಡೂ ಬೇಡ. ಕಾರದ ಪುಡಿ ಕಾಲಿಗೆ ಅಂಟಿ, ಮುಖ ತೊಳೆದುಕೊಳ್ಳುವಾಗ ಕಣ್ಣಿಗೆ ಹೋಗುತ್ತದೆ. ಕಿತ್ತಳೆ, ನಿಂಬೆ ಎಣ್ಣೆಗಳು ಬೆಕ್ಕಿಗೆ ವಿಷ. ಕುಂಡದ ಅಂಚಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ, ಪಾದಕ್ಕೆ ಜಿಗುಟಾದರೆ ಬೆಕ್ಕು ತಾನಾಗಿ ದೂರ ಉಳಿಯುತ್ತದೆ.

ಪ್ರಶ್ನೆ: ಏನೋ ತಿಂದುಬಿಟ್ಟಿದೆ ಎಂದು ಗೊತ್ತಾದಾಗ ಮನೆಯಲ್ಲಿ ಮೊದಲು ಏನು ಮಾಡಬೇಕು? ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ? (ಉಡುಪಿ)

ಉಪ್ಪುನೀರು ಎಂದಿಗೂ ಕುಡಿಸಬೇಡಿ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಅಪಾಯವಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಜಠರವನ್ನು ಸುಡುತ್ತದೆ. ಬಾಯಿ ಸುಡುವ ಗಿಡ ತಿಂದಾಗ ವಾಂತಿ ಮಾಡಿಸಿದರೆ ಗಂಟಲು ಎರಡನೇ ಬಾರಿ ಸುಡುತ್ತದೆ. ವಾಂತಿ ಬೇಕೋ ಬೇಡವೋ ಎಂಬ ತೀರ್ಮಾನ ವೈದ್ಯರದು.

ಬಾಯಲ್ಲಿ ಉಳಿದ ತುಂಡುಗಳನ್ನು ಬೆರಳಿನಿಂದ ತೆಗೆಯಿರಿ, ಕಚ್ಚುವಂತಿದ್ದರೆ ಬಲವಂತ ಬೇಡ. ಒದ್ದೆ ಬಟ್ಟೆಯಿಂದ ಬಾಯಿ, ಮೂತಿ, ಪಾದ ಒರೆಸಿ. ಮನಿ ಪ್ಲಾಂಟ್, ಕೆಸುವಿನ ಬಳಗದ್ದು ಎಂದು ಖಚಿತವಿದ್ದು, ಪ್ರಾಣಿ ತಾನಾಗಿ ನೆಕ್ಕುವುದಾದರೆ ಒಂದೆರಡು ಚಮಚ ಮೊಸರು ಕೊಡಬಹುದು. ಅದರ ಕ್ಯಾಲ್ಸಿಯಂ ಉರಿಯನ್ನು ಸ್ವಲ್ಪ ತಗ್ಗಿಸುತ್ತದೆ. ಸುಸ್ತಾಗಿ ಬಿದ್ದಿರುವ, ಫಿಟ್ಸ್ ಬರುತ್ತಿರುವ ಪ್ರಾಣಿಯ ಬಾಯಿಗೆ ಏನನ್ನೂ ಹಾಕಬೇಡಿ. ಗಿಡದ ಎಲೆ-ಹೂ ಇರುವ ಒಂದು ತುಂಡು, ವಾಂತಿ ಮಾಡಿದ್ದರೆ ಅದರ ಸ್ವಲ್ಪ ಭಾಗ, ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ಗೊಬ್ಬರವಾದರೆ ಚೀಲದ ಲೇಬಲ್ ಒಯ್ಯಿರಿ. ಎಷ್ಟು ಹೊತ್ತಿಗೆ, ಸುಮಾರು ಎಷ್ಟು ತಿಂದಿತು, ಪ್ರಾಣಿಯ ತೂಕ ಎಷ್ಟು ಎಂಬ ಮೂರು ಉತ್ತರ ಸಿದ್ಧವಿರಲಿ, ಔಷಧಿಯ ಪ್ರಮಾಣ ಇದರ ಮೇಲೆಯೇ ನಿಲ್ಲುತ್ತದೆ. ಲಿಲಿ, ಸೈಕಸ್, ಕಣಗಿಲೆ, ಹರಳು ಹಿಂಡಿ, ಈ ನಾಲ್ಕರಲ್ಲಿ ಯಾವುದು ತಿಂದರೂ ಪ್ರಾಣಿ ಆಡಿಕೊಂಡಿದ್ದರೂ ಹೊರಡಿ. ರಾತ್ರಿ ತೆರೆದಿರುವ ಹತ್ತಿರದ ಪಶು ಚಿಕಿತ್ಸಾಲಯ ಯಾವುದು ಎಂದು ಈಗಲೇ ವಿಚಾರಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬೆಕ್ಕಿಗೆಂದೇ ಹುಲ್ಲು ಬೆಳೆಸುವುದು ಹೇಗೆ? ಕುಪ್ಪಿಗಿಡ ಬೆಳೆಸಿದರಾಗದೇ? (ದಾವಣಗೆರೆ)

ಗೋಧಿಯೇ ಸುಲಭ. ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜ ಬೇಡ, ದಿನಸಿ ಅಂಗಡಿಯ ಇಡೀ ಗೋಧಿ ತನ್ನಿ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿಯಿರಿ. ತಳದಲ್ಲಿ ತೂತಿರುವ ಆರು ಇಂಚಿನ ಅಗಲ ಕುಂಡದಲ್ಲಿ ಮೂರು ಇಂಚು ಎರೆಗೊಬ್ಬರ-ಕೋಕೋಪೀಟ್ ತುಂಬಿ, ಕಾಳನ್ನು ಒತ್ತಾಗಿ ಹರಡಿ, ಮೇಲೆ ಕಾಲು ಇಂಚು ಮಣ್ಣು ಉದುರಿಸಿ. ಮೊಳಕೆ ಏಳುವವರೆಗೆ ಒದ್ದೆ ಬಟ್ಟೆ ಮುಚ್ಚಿಡಿ, ಆಮೇಲೆ ಕಿಟಕಿಯ ಬೆಳಕಿಗೆ ತನ್ನಿ. ಏಳರಿಂದ ಹತ್ತು ದಿನದಲ್ಲಿ ಹುಲ್ಲು ನಾಲ್ಕು ಇಂಚು ಬೆಳೆದಾಗ ಬೆಕ್ಕಿನ ಮುಂದಿಡಿ. ಬುಡದಲ್ಲಿ ಬಿಳಿ ಬೂಷ್ಟು ಕಂಡರೆ ನೀರು ಹೆಚ್ಚಾಗಿದೆ ಎಂದರ್ಥ, ಕುಂಡ ಸಮೇತ ಖಾಲಿ ಮಾಡಿ ಹೊಸದು ಬಿತ್ತಿ. ವಾರಕ್ಕೊಂದು ಕುಂಡದಂತೆ ಎರಡು ಕುಂಡಗಳಲ್ಲಿ ಸರದಿಯಿಂದ ಬಿತ್ತಿದರೆ ಎಳೆಹುಲ್ಲು ತಪ್ಪುವುದಿಲ್ಲ.

ಕುಪ್ಪಿಗಿಡದ ಬೇರಿನ ವಾಸನೆಗೆ ಬೆಕ್ಕುಗಳು ಮತ್ತೇರಿದಂತೆ ಹೊರಳಾಡುವುದು ನಿಜ. ಆದರೆ ಆ ಗಿಡದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ಮೇವಿನಂತೆ ತಿನ್ನಲು ಬಿಡಬೇಡಿ. ಆ ಮೋಜೇ ಬೇಕಿದ್ದರೆ ಕ್ಯಾಟ್‌ನಿಪ್ ಬೀಜ ಬಿತ್ತಿ, ಒಣಗಿಸಿದ ಎಲೆಯನ್ನು ಒಂದು ಚಿಟಿಕೆ ಬಟ್ಟೆಯ ಚೆಂಡಿನೊಳಗೆ ಹೊಲಿದು ಕೊಡಿ. ಆರು ತಿಂಗಳೊಳಗಿನ ಮರಿಗಳು ಸಾಮಾನ್ಯವಾಗಿ ಇದಕ್ಕೆ ಸ್ಪಂದಿಸುವುದಿಲ್ಲ, ದೊಡ್ಡ ಬೆಕ್ಕುಗಳಲ್ಲೂ ಕೆಲವಕ್ಕೆ ಏನೂ ಅನ್ನಿಸುವುದಿಲ್ಲ.